ಗಂಟಣ್ಣನ ಆರು ತುಂಡು

ಆ ಬೀದಿಯಲ್ಲಿ ಗಂಟಣ್ಣ ಅಂದರೆ ಗೊತ್ತಿಲ್ಲದವರಿಲ್ಲ. ಅವನ ನಿಜವಾದ ಹೆಸರು ಕೇಳಿದರೆ ಮಾತ್ರ ಅಂಚೆಯವನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ. ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಮರದ ಅಚ್ಚು ಕೊರೆದವನು ಅವನು. ಅಲ್ಲಿ ಉಳಿದ ಚೂರುಪಾರು ಮರವನ್ನು ಜೇಬಿಗೆ ತುಂಬಿಕೊಂಡು ಬಂದು, ಮನೆ ಹಿಂದಿನ ಶೆಡ್ಡಿನಲ್ಲಿ ಕೂತು ಗಂಟು ಕಟ್ಟುತ್ತಿದ್ದ. ಹಗ್ಗದ ಗಂಟಲ್ಲ, ಮರದ ಗಂಟು. ಬೆರಳುದ್ದದ ಆರು ತುಂಡು, ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಬಗೆಯ ಕಚ್ಚು. ಒಂದಕ್ಕೊಂದನ್ನು ಸರಿಯಾಗಿ ಕೂರಿಸಿ, ಕೊನೆಗೆ ಚಿಲಕ ಅನ್ನುವ ನುಣುಪಾದ ತುಂಡನ್ನು ನಡುವೆ ತಳ್ಳಿದರೆ ಟಕ್ ಅಂತ ಬಿಗಿದುಕೊಂಡು ನಕ್ಷತ್ರದ ಹಾಗೆ ನಿಲ್ಲುತ್ತಿತ್ತು. ಮೇಲಿಂದ ನೋಡಿ, ಕೆಳಗಿಂದ ನೋಡಿ, ಮಗ್ಗುಲಿಗೆ ತಿರುಗಿಸಿ ನೋಡಿ, ಎಲ್ಲ ಕಡೆಯೂ ಒಂದೇ ರೂಪ. ಬಿಚ್ಚುವುದೇನೋ ಹೇಗೋ ಆಗುತ್ತಿತ್ತು. ಮತ್ತೆ ಜೋಡಿಸಿ ಅಂದರೆ ಘಟಾನುಘಟಿಗಳೂ ಬೆವರುತ್ತಿದ್ದರು.

ಮೂಲೆಯ ಕಟಿಂಗ್ ಶಾಪಿನವನು ಒಮ್ಮೆ ಆಸೆಪಟ್ಟು ಒಂದು ಗಂಟು ಇಸಿದುಕೊಂಡು ಹೋಗಿ ಗಿರಾಕಿಗಳ ಬೆಂಚಿನ ಮೇಲಿಟ್ಟ. ಕಾಯುವವರಿಗೆ ಹೊತ್ತು ಹೋಗಲಿ ಅಂತ ಪಾಪ, ಒಳ್ಳೆ ಮನಸ್ಸಿನಿಂದಲೇ ಇಟ್ಟದ್ದು. ಆದದ್ದೇನು? ತಲೆ ಬೋಳಿಸಿಕೊಂಡು ಮುಗಿದ ಮೇಲೂ ಜನ ಮನೆಗೆ ಹೋಗಲೊಲ್ಲರು. ಒಬ್ಬ ಮಹಾನುಭಾವ ಅರ್ಧ ಗಡ್ಡಕ್ಕೆ ನೊರೆ ಮೆತ್ತಿಸಿಕೊಂಡೇ ಕೂತು ಮುಕ್ಕಾಲು ಗಂಟೆ ತಿಣುಕಿದ. ನೊರೆ ಒಣಗಿತು, ಗಂಟು ಕೂಡಲಿಲ್ಲ. ಮಾರನೇ ದಿನ ಅಂಗಡಿಯವನು ಆರು ತುಂಡನ್ನೂ ಪೊಟ್ಟಣ ಕಟ್ಟಿ ತಂದು, "ನಿಮ್ಮ ಕಾಲಿಗೆ ಬೀಳ್ತೀನಿ ಗಂಟಣ್ಣ, ತಗೊಂಡ್ಬಿಡಿ" ಅಂತ ಕೈ ಮುಗಿದ.

ಇಂಥ ಗಂಟುಗಳನ್ನು ಮಾತಾಡುತ್ತ ಮಾತಾಡುತ್ತಲೇ ಜೋಡಿಸಿ ಪಕ್ಕಕ್ಕಿಡುತ್ತಿದ್ದವಳು ಇಡೀ ಬೀದಿಗೆ ಒಬ್ಬಳೇ. ಅವನ ತಂಗಿ. ಪಕ್ಕದ ಮನೆಯಲ್ಲೇ ಇದ್ದಳು, ಬಟ್ಟೆ ಹೊಲಿಯುತ್ತಿದ್ದಳು, ಹಾಗಾಗಿ ಟೈಲರಮ್ಮ. ಅವಳಿಗೆ ಹದಿನಾರು, ಅವನಿಗೆ ಇಪ್ಪತ್ತೆರಡು ಇದ್ದಾಗ ಮೊದಲನೇ ಗಂಟು ತಯಾರಾದದ್ದು. ಕಾರ್ಖಾನೆಯ ಅಷ್ಟೂ ಜನರಿಗೆ ಕೊಟ್ಟು, ಒಬ್ಬರ ಕೈಯಲ್ಲೂ ಆಗದ್ದು ನೋಡಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದಿದ್ದ. ಗುಂಡಿ ಹಾಕುತ್ತ ಕೂತಿದ್ದ ಇವಳು ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು, ತುಂಡುಗಳನ್ನು ಕೈಗೆತ್ತಿಕೊಂಡು, ಪಕ್ಕದ ಮನೆಯವರ ಜಗಳದ ಕಥೆ ಹೇಳುತ್ತ ಹೇಳುತ್ತಲೇ ಟಕ್ ಅನ್ನಿಸಿ ಅವನ ಕೈಗಿತ್ತಳು. ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ದಿನ ಊಟ ಬಿಟ್ಟ. ಮಾರನೇ ದಿನ ಇನ್ನೂ ಕಷ್ಟದ್ದು ಮಾಡಿದ. ಅಲ್ಲಿಂದ ಶುರುವಾದದ್ದು ನಲವತ್ತೈದು ವರ್ಷ ನಡೆಯಿತು. ಅವನು ಕೊರೆಯುವುದು, ಇವಳು ಜೋಡಿಸುವುದು.

ಶೆಡ್ಡಿನಲ್ಲಿ ಅವನ ಬೆಂಚಿನ ಎಡಗಡೆ, ಕಿಟಕಿಗೆ ಒತ್ತಿಕೊಂಡು ಒಂದು ಮೂರು ಕಾಲಿನ ಸ್ಟೂಲಿತ್ತು. ಅದು ಟೈಲರಮ್ಮನದು. ಅವನ ಹೆಂಡತಿ ಬದುಕಿದ್ದ ಕಾಲದಲ್ಲೂ ಅದರ ಮೇಲೆ ಬೇರೆಯವರು ಕೂತದ್ದಿಲ್ಲ. ಸಂಜೆ ಮೆಷಿನ್ನು ಮುಚ್ಚಿ ಬಂದು ಅಲ್ಲಿ ಕೂತರೆ ಅಣ್ಣ ಆರು ತುಂಡನ್ನು ಅವಳ ಮಡಿಲಿಗೆ ಹಾಕುತ್ತಿದ್ದ. ಜೋಡಿಸುವಷ್ಟು ಹೊತ್ತು ಅವನು ಪಿಟಿಕ್ಕೆನ್ನಬಾರದು, ಅದು ಅವಳ ಕಾನೂನು. ಮುಗಿದ ಮೇಲೆ ಅವಳು ಒಂದೇ ಒಂದು ಮಾತು ಹೇಳುತ್ತಿದ್ದಳು: ಸಪ್ಪೆ, ಇಲ್ಲವೇ ಪರವಾಗಿಲ್ಲ, ಇಲ್ಲವೇ ಶಹಬ್ಬಾಸ್. ನಲವತ್ತೈದು ವರ್ಷದಲ್ಲಿ ಶಹಬ್ಬಾಸ್ ಸಿಕ್ಕಿದ್ದು ಹನ್ನೊಂದು ಸಲ. ಆ ಹನ್ನೊಂದೂ ಗಂಟುಗಳನ್ನು ಅವನು ಯಾರಿಗೂ ಕೊಡದೆ ಮೇಲಿನ ಹಲಗೆಯಲ್ಲಿ ಇಟ್ಟುಕೊಂಡಿದ್ದ.

ಮುಲಾಜು ಅನ್ನುವುದು ಆಕೆಯ ಜಾತಕದಲ್ಲೇ ಇರಲಿಲ್ಲ. "ಈ ಬಣ್ಣ ನಿಮಗೆ ಒಪ್ಪಲ್ಲಮ್ಮ, ಕಾಯಿಲೆಯವರ ಥರ ಕಾಣ್ತೀರ" ಅಂತ ಗಿರಾಕಿಯ ಮುಖಕ್ಕೇ ಹೇಳಿ ಕಳಿಸಿದವಳು. ಸುಳ್ಳು ಹೇಳು ಅಂದರೆ ಅವಳಿಗೆ ಗಂಟಲೇ ಕಟ್ಟುತ್ತಿತ್ತು. ಯಾರದೋ ಮನಸ್ಸು ನೋಯದಿರಲಿ ಅಂತ ಹೇಳುವ ಸಣ್ಣಪುಟ್ಟ ಸುಳ್ಳೂ ಬಾಯಿಗೆ ಬರುತ್ತಿರಲಿಲ್ಲ.

ಆ ದಿನ ಬೆಳಿಗ್ಗೆಯೂ ಹಾಗೇ ಆಯಿತು. ಅಣ್ಣ ಹೊಸ ಗಂಟನ್ನು ಮಗುವಿನ ಹಾಗೆ ಅಂಗೈಯಲ್ಲಿಟ್ಟುಕೊಂಡು ಬಂದಿದ್ದ. ಅವಳು ಎರಡು ನಿಮಿಷದಲ್ಲಿ ಜೋಡಿಸಿ, "ಸಪ್ಪೆ ಕಣೋ. ವಯಸ್ಸಾಯ್ತು ನಿಂಗೆ" ಅಂದಳು. ಅವನು ನಕ್ಕು ಶೆಡ್ಡಿಗೆ ಹೋದ. ಅರ್ಧ ಗಂಟೆಗೆ ಅಣ್ಣನ ಮಗಳು ಕಿರುಚಿಕೊಂಡದ್ದು ಕೇಳಿತು. ಬೆಂಚಿನ ಕೆಳಗೆ ಬಿದ್ದಿದ್ದ, ಎಡಗೈ ಎಡಗಾಲು ಸೋತಿದ್ದವು. ಸ್ಟ್ರೋಕ್ ಅಂದರು ಆಸ್ಪತ್ರೆಯಲ್ಲಿ. ಮಿದುಳಿನಲ್ಲಿ ರಕ್ತ ಕಟ್ಟಿದ್ದಕ್ಕೂ ತನ್ನ ಮಾತಿಗೂ ಸಂಬಂಧವಿಲ್ಲ ಅಂತ ಟೈಲರಮ್ಮನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ 'ಸಪ್ಪೆ' ಅನ್ನುವ ಆ ಮಾತು ಅವಳ ಹೊಟ್ಟೆಯಲ್ಲಿ ಕಲ್ಲಾಗಿ ಕೂತುಬಿಟ್ಟಿತು.

ಇಪ್ಪತ್ತು ದಿನಕ್ಕೆ ಮನೆಗೆ ಬಂದ. ಕಾಲೆಳೆದುಕೊಂಡು ನಡೆದ. ಕೈಗೆ ಹಿಡಿತ ಬಂತು. ಮಾತಿಗೆ ಏನೂ ಆಗಿರಲಿಲ್ಲ. ಇನ್ನೂ ಹತ್ತು ದಿನಕ್ಕೆ ಶೆಡ್ಡಿಗೆ ಹೋಗಿ ಬೆಂಚಿನ ಮುಂದೆ ಕೂರತೊಡಗಿದ. ಟೈಲರಮ್ಮನೂ ಸಂಜೆ ಸಂಜೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತಳು. ಆದರೆ ಅಣ್ಣ ಮೊದಲಿನ ಅಣ್ಣನಲ್ಲ. ಬಾಗಿಲು ಇದ್ದದ್ದು ಅವನ ಬಲಗಡೆ. ಅವಳು ಒಳಗೆ ಬರುವಾಗ "ಬಾ" ಅನ್ನುತ್ತಿದ್ದ. ಅವಳು ಅವನ ಹಿಂದಿನಿಂದ ಹಾದು ಸ್ಟೂಲಿನ ಮೇಲೆ ಕೂತದ್ದೇ ತಡ, ಮಾತು ನಿಂತುಹೋಗುತ್ತಿತ್ತು. ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಸಂಜೆಯಂತೂ ಅವಳು ಪಕ್ಕದಲ್ಲಿ ಉಸಿರಾಡುತ್ತ ಕೂತಿರುವಾಗಲೇ ಮಗಳನ್ನು ಕೂಗಿ, "ಅವಳು ಹೋದ್ಲಾ?" ಅಂತ ಕೇಳಿದ. ಬಾಗಿಲಲ್ಲಿ ಇಣುಕಿದ ಮಗಳು ಅತ್ತೆಯ ಮುಖ ನೋಡಿ ಏನು ಹೇಳಬೇಕೋ ತಿಳಿಯದೆ ನಿಂತಳು. ಟೈಲರಮ್ಮ ಎದ್ದು ಮನೆಗೆ ಬಂದು, ಮೆಷಿನ್ನಿನ ಮುಂದೆ ಕೂತು, ಸೆರಗಿನಿಂದ ಮೂಗೊರೆಸಿಕೊಂಡಳು. ಇನ್ನು ಹೋಗಬೇಡ ಅಂತ ಮನಸ್ಸು ಹೇಳಿತು. ಮಾರನೇ ಸಂಜೆ ಕಾಲು ಅಲ್ಲಿಗೇ ಹೋಯಿತು.

ಅಷ್ಟರಲ್ಲಿ ಒಂದು ದಿನ ಅವನು ಚಿಕ್ಕ ಗರಗಸ ಹಿಡಿದು ಎಡಗೈ ಹೆಬ್ಬೆರಳು ಕೊಯ್ದುಕೊಂಡ. ಬೆಂಚಿನ ಮೇಲೆ ರಕ್ತ ಹರಿಯುತ್ತಿದ್ದರೂ ಅವನಿಗೆ ಪರಿವೆಯಿಲ್ಲ, ಕೊಯ್ಯುತ್ತಲೇ ಇದ್ದ. ಕಾಫಿ ತಂದ ಮಗಳು ನೋಡಿ ಎದೆ ಒಡೆದುಕೊಂಡಳು. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ದಿನಕ್ಕೆ ಸಾವಿರ ಜನರ ಜೊತೆ ಏಗುವ ಹೆಣ್ಣು ಅದು, ಸುಮ್ಮಸುಮ್ಮನೆ ಹೆದರುವವಳಲ್ಲ. ಅವತ್ತೇ ಶೆಡ್ಡಿಗೆ ಬೀಗ ಹಾಕಿದಳು. ಮರಗೆಲಸ ಕಲಿಸುವ ತರಬೇತಿ ಶಾಲೆಯೊಂದಕ್ಕೆ ಫೋನ್ ಮಾಡಿ, ಬೆಂಚು ಸಾಮಾನು ಎಲ್ಲ ಕೊಟ್ಟುಬಿಡುವ ಮಾತಾಡಿದಳು. ಭಾನುವಾರ ಟೆಂಪೋ ಬರುವುದು ಅಂತಾಯಿತು.

ಗಂಟಣ್ಣ ಕೂಗಾಡಲಿಲ್ಲ. ಬೀಗದ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಅಷ್ಟೇ. ಬಿಸಿಲು ಬಂದರೂ ಏಳಲಿಲ್ಲ.

"ಒಂದೇ ಒಂದು ಅವಕಾಶ ಕೊಡೇ" ಅಂತ ಟೈಲರಮ್ಮನೇ ಅಣ್ಣನ ಮಗಳ ಹತ್ತಿರ ಹೋದಳು.

"ಅತ್ತೆ, ನಂಗೇನು ಅಪ್ಪನ ಮೇಲೆ ಹಗೆನಾ? ಬೆರಳೇ ಹೋಗಿದ್ರೆ?"

"ನೀನು ಎದುರಿಗೇ ಕೂತು ಕಾಯಿ. ಮರಾನ ಬೆಂಚಿನ ಇಕ್ಕಳ ಇದ್ಯಲ್ಲ, ಆ ವೈಸಿಗೆ ಕಚ್ಚಿಸ್ಲಿ, ಕೈಯಲ್ಲಿ ಹಿಡಿಯೋದು ಬೇಡ. ಒಂದು ಗಂಟು ಮಾಡ್ಲಿ. ಮೊದಲನೇದು, ಹಳೇದು. ಕೂಡಿದ್ರೆ ಬೆಂಚು ಇರ್ಲಿ. ಕೂಡದಿದ್ರೆ ನಾನೇ ಟೆಂಪೋಗೆ ಹತ್ತಿಸ್ತೀನಿ."

ಹುಡುಗಿ, "ನೀವು ಕೂಡ್ತು ಅಂದ್ರೆ ನಾನು ನಂಬ್ತೀನಿ. ನೀವು ಸುಳ್ಳು ಹೇಳಲ್ಲ" ಅಂದಳು.

ಎರಡು ದಿನ ರಜೆ ಹಾಕಿ ಅವಳು ಶೆಡ್ಡಿನಲ್ಲಿ ಕಾವಲು ಕೂತಳು. ಗುರುವಾರ ಸಂಜೆ ಆರು ತುಂಡುಗಳಿದ್ದ ಬಟ್ಟೆಯ ಚೀಲ ಟೈಲರಮ್ಮನ ಕೈಗೆ ಬಂತು. ಆಹಾ, ಎಂಥ ಕೆಲಸ! ಉಪ್ಪುಕಾಗದ ಉಜ್ಜಿದ ಮೈ, ಕಣ್ಣಿಗೆ ಹೊಡೆಯುವಂಥ ಕಚ್ಚುಗಳು. ಕೊಯ್ಯುವ ತುದಿಯನ್ನು ಯಾವಾಗಲೂ ಬಲಗೈ ಕಡೆಗೆ ತಿರುಗಿಸಿ ವೈಸಿಗೆ ಕಚ್ಚಿಸುವುದು ಅವನ ಹಳೇ ರೂಢಿ, ಆ ರೂಢಿ ಕೈಬಿಟ್ಟಿರಲಿಲ್ಲ. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ ಮಾಡುವ ಕೆಲಸ ಇದು ಅಂತ ಮೆಷಿನ್ನಿನ ಮುಂದೆಯೇ ಕೂತು ಜೋಡಿಸಲು ಹೊರಟಳು.

ಕೂಡಲಿಲ್ಲ.

ಮೊದಲು ನಕ್ಕಳು. ಆಮೇಲೆ ದೀಪದ ಕೆಳಗೆ ಹೋದಳು. ನಾಲ್ಕು ತುಂಡು ಕೂರುತ್ತಿತ್ತು, ಐದನೆಯದು ಜಪ್ಪಯ್ಯ ಅಂದರೂ ಒಳಗೆ ಹೋಗದು. ಶುಕ್ರವಾರ ಇಡೀ ದಿನ ಒಂದು ಹೊಲಿಗೆ ಹಾಕಲಿಲ್ಲ. ಅವಳಿಗೆ ಬೇರೆಯೇ ಭಯ ಹತ್ತಿತು. ಅಣ್ಣನಿಗೆ ಹೋದ ಹಾಗೆ ನನಗೂ ಏನಾದರೂ ಹೋಯಿತೇ? ಹದಿನಾರರಲ್ಲಿ ಹರಟುತ್ತ ಜೋಡಿಸಿದ್ದು ಅರವತ್ತೊಂದರಲ್ಲಿ ಮರೆತೇಹೋಯಿತೇ? ಬೆರಳುಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡಳು.

ಶನಿವಾರ ಬೆಳಿಗ್ಗೆ ಮೆಷಿನ್ನಿನ ಡ್ರಾಯರಿನಲ್ಲಿ ಅಂದಿನಿಂದ ಕಾದಿಟ್ಟಿದ್ದ ಹಳೇ ಗಂಟು, ಆ ಮೊದಲನೆಯದನ್ನೇ ಹೊರಗೆ ತೆಗೆದಳು. ಅದನ್ನು ಬಿಚ್ಚಿ ತುಂಡುಗಳನ್ನು ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಹೊಸವನ್ನಿಟ್ಟಳು. ಮೂರನೇ ತುಂಡು ಮತ್ತು ಐದನೇ ತುಂಡು ಜೋಡಿ. ಅವೆರಡೂ ಎಡಗೈ ಬಲಗೈ ಇದ್ದ ಹಾಗೆ, ಒಂದು ಇನ್ನೊಂದರ ಕನ್ನಡಿ ರೂಪ. ಹೊಸದರಲ್ಲಿ ಎರಡೂ ಒಂದೇ ಆಗಿದ್ದವು! ಕೆಲಸ ಕಲಿಯುವಾಗ ಅವಳೇ ಒಬ್ಬರ ಅಂಗಿಗೆ ಎರಡು ಎಡತೋಳು ಕತ್ತರಿಸಿ ಕೆಲಸ ಕಲಿಸುತ್ತಿದ್ದವರಿಂದ ವಾರವೆಲ್ಲ ಬೈಸಿಕೊಂಡಿದ್ದಳು. ಬಟ್ಟೆ ಮಗುಚಿ ಹಾಕುವುದು ಮರೆತರೆ ಆಗುವ ತಪ್ಪು ಅದು. ಅಣ್ಣನೂ ಎರಡು ಎಡತೋಳು ಕೊಯ್ದಿದ್ದ.

ತನ್ನ ತಲೆ ನೆಟ್ಟಗಿದೆ ಅಂತ ಒಂದು ಕ್ಷಣ ನೆಮ್ಮದಿಯಾಯಿತು. ಮರುಕ್ಷಣ ಆ ನೆಮ್ಮದಿಗೆ ನಾಚಿಕೆಯಾಯಿತು. ಈಗ ಹೇಳುವುದೇನು? ಹಳೇ ಗಂಟಿನ ಮೂರನೇ ತುಂಡನ್ನು ಇದಕ್ಕೆ ಸೇರಿಸಿ, "ಕೂಡ್ತು" ಅಂದರೆ ಯಾರಿಗೆ ತಿಳಿಯುತ್ತದೆ? ಹಾಗೆ ಮಾಡಿಯೂ ನೋಡಿದಳು. ಟಕ್ ಅಂದಿತು. ಅದನ್ನು ಕೈಯಲ್ಲಿ ಹಿಡಿದು ಬಾಗಿಲವರೆಗೂ ಹೋದಳು. ಆದರೆ ಸುಳ್ಳು ಹೇಳಿ ಉಳಿಸಿದ ಬೆಂಚಿನಲ್ಲಿ ನಾಳೆ ಅವನ ಬೆರಳು ಹೋದರೆ? ವಾಪಸು ಬಂದು, ಹಳೇ ತುಂಡನ್ನು ಹೊರಗೆಳೆದು, ಹೊಸ ಆರನ್ನೇ ಚೀಲಕ್ಕೆ ತುಂಬಿಕೊಂಡು ಹೋದಳು.

ಅವರು ಊಟಕ್ಕೆ ಕೂತಿದ್ದರು. "ಕೂಡಲ್ಲ ಕಣಣ್ಣ" ಅಂದಳು ಎದುರಿಗೆ ನಿಂತು. "ಮೂರು ಐದು ಎರಡೂ ಒಂದೇ ಕೈಯವು."

ಅವನು ಎರಡನ್ನೂ ಇಸಿದುಕೊಂಡು ತಿರುಗಿಸಿ ನೋಡಿ, "ಏನೂ ಆಗಿಲ್ಲ. ಸರಿಯಾಗೇ ಇದೆ" ಅಂದ. ದನಿಯಲ್ಲಿ ಹಟವಿರಲಿಲ್ಲ, ಅವನಿಗೆ ನಿಜವಾಗಿಯೂ ಸರಿಯಾಗೇ ಕಂಡಿತ್ತು. ಮಗಳು ತುಟಿ ಕಚ್ಚಿಕೊಂಡು ತಟ್ಟೆ ನೋಡುತ್ತ ಕೂತಳು. ಟೈಲರಮ್ಮ ಎದುರಿನ ಕುರ್ಚಿಯಲ್ಲಿ ಕೂತಳು. ಅಣ್ಣ ಊಟ ಮುಗಿಸಿ ತಟ್ಟೆ ಸರಿಸಿದ.

"ಈ ಮನೇಲಿ ಮೊಟ್ಟೆ ಬೇಯ್ಸೋದು ನಿಲ್ಲಿಸಿ ಎಷ್ಟು ದಿನ ಆಯ್ತು?" ಅಂದ.

"ತಟ್ಟೇಲೇ ಇದ್ಯಲ್ಲಪ್ಪ! ದಿನಾ ಹಾಕ್ತೀನಿ, ದಿನಾ ಬಿಡ್ತೀಯ."

"ಎಲ್ಲಿದೆ?"

ತಟ್ಟೆಯ ಎಡಗಡೆ ಇತ್ತು. ಬಿಳಿಯ ಮೊಟ್ಟೆ, ಇಡೀದು, ಅವನ ಮೂಗಿನ ಕೆಳಗೇ. ಅದರ ಸುತ್ತ ಅರ್ಧ ತಟ್ಟೆ ಅನ್ನವೂ ಮುಟ್ಟದೆ ಉಳಿದಿತ್ತು. ನಡುವೆ ಗೆರೆ ಎಳೆದು ಬಲಗಡೆಯದನ್ನು ಮಾತ್ರ ಉಂಡ ಹಾಗೆ. ಟೈಲರಮ್ಮ ತಟ್ಟೆಯನ್ನೇ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯಲ್ಲಿ ವಾರದ ಗಡ್ಡ. ಎಡಗೈ ಹೆಬ್ಬೆರಳಿಗೆ ಪಟ್ಟಿ. ಅವಳು ಕೈ ಚಾಚಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ಹಾಂ, ಈಗ ಹಾಕಿದ್ರಿ" ಅಂತ ಗಂಟಣ್ಣ ಮೊಟ್ಟೆ ಎತ್ತಿಕೊಂಡು ಗುಳುಂ ಮಾಡಿದ.

ಮಗಳು ಧಡಕ್ಕನೆ ಎದ್ದು ಅಡುಗೆಮನೆಗೆ ಹೋದಳು. ಟೈಲರಮ್ಮ ಹಿಂದೆಯೇ ಹೋದರೆ, ಹುಡುಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಬಿಕ್ಕುತ್ತಿದ್ದಳು. "ಬೇಡ ಅಂತ ಬಿಡ್ತಿದಾನೆ ಅಂದ್ಕೊಂಡಿದ್ದೆ ಅತ್ತೆ. ಒಂದು ತಿಂಗಳು ಅರ್ಧ ಹೊಟ್ಟೇಲಿ ಇಟ್ನಲ್ಲ ನಮ್ಮಪ್ಪನ್ನ."

ಕೈಕಾಲಿಗೆ ವ್ಯಾಯಾಮ ಮಾಡಿಸಲು ಶನಿವಾರ ಸಂಜೆ ಬರುವ ಹೆಂಗಸನ್ನು ಇಬ್ಬರೂ ಗೇಟಿನಲ್ಲೇ ಅಡ್ಡಗಟ್ಟಿದರು. ಅವಳು ಆಶ್ಚರ್ಯಪಟ್ಟಳು. "ಆಸ್ಪತ್ರೆಯಿಂದ ಕಳಿಸೋ ದಿನ ಹೇಳಿದ್ರಲ್ಲ? ಕಣ್ಣು ಚೆನ್ನಾಗೇ ಇದೆ. ಎಡಗಡೆ ಅನ್ನೋದೊಂದಿದೆ ಅಂತ ಅವರ ಮಿದುಳಿಗೆ ನೆನಪಾಗಲ್ಲ, ಅಷ್ಟೆ. ಅಭ್ಯಾಸ ಮಾಡಿಸಿದ್ರೆ ನಿಧಾನಕ್ಕೆ ಬರುತ್ತೆ." ಹೇಳಿದ್ದರಂತೆ! ಇಪ್ಪತ್ತು ಔಷಧಿ, ನಲವತ್ತು ಕಾಗದ, ಬಿಲ್ಲು, ಆಟೋ, ಆ ಗದ್ದಲದಲ್ಲಿ 'ಎಡಗಡೆ' ಅಂದದ್ದನ್ನು ಕೈಕಾಲಿನ ಲೆಕ್ಕಕ್ಕೆ ಸೇರಿಸಿ ಮನೆಗೆ ಬಂದಿದ್ದರು.

ಟೈಲರಮ್ಮ ಶೆಡ್ಡಿನ ಬೀಗ ತೆಗೆಸಿ ಒಳಗೆ ಹೋದಳು. ಅಣ್ಣ ಮರದ ಮೇಲಿಟ್ಟು ಗೆರೆ ಎಳೆಯುವ ತಗಡುಗಳು ಮೊಳೆಗೆ ನೇತುಬಿದ್ದಿದ್ದವು. ಮೂರಕ್ಕೂ ಐದಕ್ಕೂ ತಗಡು ಒಂದೇ. ಒಂದು ಮುಖ ಮೇಲಿಟ್ಟರೆ ಮೂರು, ಮಗುಚಿ ಹಾಕಿದರೆ ಐದು. ಗುರುತಿಗೆ ಮೂರರ ಮುಖದಲ್ಲಿ ಕೆಂಪು ಚುಕ್ಕೆ, ಐದರ ಮುಖದಲ್ಲಿ ಕಪ್ಪು. ಎರಡು ಚುಕ್ಕೆಯನ್ನೂ ಅವನು ಎಡತುದಿಗೇ ಇಟ್ಟಿದ್ದ, ಕಾರ್ಖಾನೆಯ ಪದ್ಧತಿ. ನಲವತ್ತೈದು ವರ್ಷ ಕಣ್ಣಿಗೆ ಹೊಡೆಯುತ್ತಿದ್ದ ಚುಕ್ಕೆ ಈಗ ಅವನ ಪಾಲಿಗೆ ಇರಲೇ ಇಲ್ಲ. ಎರಡು ಮುಖವೂ ಒಂದೇ ಥರ ಕಂಡಿದ್ದವು ಪಾಪ ಪ್ರಾಣಿಗೆ! ಅವಳು ಬಣ್ಣದ ಡಬ್ಬಿ ಹುಡುಕಿ, ಎರಡೂ ಮುಖದಲ್ಲಿ ಬಲತುದಿಗೆ ಚುಕ್ಕೆ ಇಟ್ಟು, ಹಳೆಯವನ್ನು ಕೆರೆದು ಹಾಕಿದಳು. ಟೆಂಪೋದವನಿಗೆ ಈ ಭಾನುವಾರ ಬರಬೇಡ ಅಂತ ಹುಡುಗಿ ಫೋನ್ ಮಾಡಿದಳು. ಬರಲೇಬೇಡ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಗಂಟಣ್ಣ ಬೆಂಚಿಗೆ ಬಂದ. ಎಡಗೈ ಗರಗಸದ ದಾರಿಗೆ ಬರದಂತೆ ನೋಡಿಕೊಳ್ಳಲು ಮಗಳು ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಟೈಲರಮ್ಮನಿಗೆ ಒಂದು ಕ್ಷಣ ಕಸಿವಿಸಿಯಾಯಿತು, ತನ್ನ ಸ್ಟೂಲು ಅದು. ಆದರೆ ಕೈ ಮುಖ್ಯ. ಅವಳು ಬಾಗಿಲ ಬಳಿ ನಿಂತಳು. ಅಣ್ಣ ತಗಡನ್ನು ತೆಗೆದುಕೊಂಡ, ನೋಡಿದ, ಹುಬ್ಬು ಗಂಟಿಕ್ಕಿದ. ತಗಡನ್ನು ಮಗುಚಿದ. ಮತ್ತೆ ಮಗುಚಿದ. ಕೆಂಪು ಮೇಲೆ ಬಂತು. ಪೆನ್ಸಿಲ್ ಗೆರೆ ಎಳೆದು, ಮರವನ್ನು ವೈಸಿಗೆ ಕಚ್ಚಿಸಿ ಕೊಯ್ಯತೊಡಗಿದ. ಮೂರು ಗಂಟೆ ಹಿಡಿಯಿತು.

ಹೊಸ ಮೂರನೇ ತುಂಡನ್ನು ಉಳಿದ ಐದರ ಜೊತೆ ಸೇರಿಸಿದಾಗ ಟೈಲರಮ್ಮ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಅಣ್ಣನ ಬಲಗಡೆ ಕೂತಳು. ಅವನು ಅವಳನ್ನು ನೋಡಿದ. ಬಾಯಿ ತೆರೆದ. ಜೋಡಿಸುವಾಗ ಮಾತಾಡಬಾರದು ಅನ್ನುವುದು ನೆನಪಾಗಿ ಬಾಯಿ ಮುಚ್ಚಿಕೊಂಡ. ಆರು ತುಂಡನ್ನೂ ಅವಳ ಮಡಿಲಿಗೆ ಹಾಕಿದ.

ಒಂದು ಕೂತಿತು. ಎರಡು, ಮೂರು. ನಾಲ್ಕು. ಐದನೆಯದು ಓರೆಯಾಗಿ ಒಳಗೆ ಜಾರಿತು. ಟೈಲರಮ್ಮ ಚಿಲಕವನ್ನು ಹೆಬ್ಬೆರಳಿನಿಂದ ತಳ್ಳಿದಳು. ಟಕ್.

"ಹೇಳು" ಅಂದ ಗಂಟಣ್ಣ.

ಅವಳಿಗೆ ಶಹಬ್ಬಾಸ್ ಅನ್ನಲು ಎಷ್ಟು ಆಸೆ! ಆದರೆ ನಲವತ್ತೈದು ವರ್ಷದ ಹಳೇ ಗಂಟು, ಹೇಗೆ ಅನ್ನುವುದು? "ಸಪ್ಪೆ" ಅಂದಳು, ಅಳುತ್ತಲೇ.

ಗಂಟಣ್ಣ ಗಹಗಹಿಸಿ ನಕ್ಕ. ಸ್ಟ್ರೋಕ್ ಆದ ಮೇಲೆ ಆ ನಗು ಕೇಳಿದ್ದು ಅದೇ ಮೊದಲು. ಸ್ಟೂಲಿನ ಮೇಲಿದ್ದ ಹುಡುಗಿ ಮೆಲ್ಲಗೆ ಫೋನ್ ತೆಗೆದು ಹೊರಗೆ ಹೋದಳು, ಟೆಂಪೋದವನಿಗೆ ಬರಲೇಬೇಡ ಅನ್ನಲು.

"ಅಂತೂ ಬಂದ್ಯಲ್ಲ" ಅಂದ ಅಣ್ಣ, ಅವಳ ಮಂಡಿಯ ಮೇಲೆ ಕೈಯಿಟ್ಟು. "ಸಪ್ಪೆ ಅಂದಿದ್ದಕ್ಕೆ ನಾನು ನಿಂಗೇನಾದ್ರೂ ಅಂದ್ನಾ? ಆಸ್ಪತ್ರೆಯಿಂದ ಬಂದಾಗಿನಿಂದ ನೋಡ್ತಾನೇ ಇದ್ದೀನಿ. ಬಾಗಿಲಲ್ಲಿ ಬರ್ತೀಯ, ಕ್ಷಣದಲ್ಲಿ ಮಾಯ ಆಗ್ತೀಯ. ಒಂದು ದಿನಾನೂ ಹತ್ರ ಕೂತ್ಕೊಳ್ಳಿಲ್ಲ. ಮಗಳನ್ನ ಕರೆದು ಅವಳು ಹೋದ್ಲಾ ಅಂತ ಕೇಳಿದ್ರೆ ಇವಳೂ ಬಾಯಿ ಬಿಡ್ಲಿಲ್ಲ. ಅಷ್ಟು ಕೋಪನಾ ನನ್ನ ಮೇಲೆ?"

ಟೈಲರಮ್ಮ ಅವನ ಭುಜದಾಚೆ ನೋಡಿದಳು. ಎಡಗಡೆ, ಕಿಟಕಿಯ ಪಕ್ಕ, ಅವಳ ಸ್ಟೂಲು ಖಾಲಿ ಇತ್ತು. ಅಷ್ಟು ದಿನವೂ ಸಂಜೆ ಸಂಜೆ ಅಲ್ಲೇ ಕೂತಿದ್ದಳು ಅವಳು, ಅವನ ತೋಳಿಗೆ ತೋಳು ತಾಗುವಷ್ಟು ಹತ್ತಿರ.

"ಕೋಪ ಇಲ್ಲಪ್ಪ, ಎಂಥದೂ ಇಲ್ಲ" ಅಂದಳು. ಜೀವಮಾನದಲ್ಲಿ ಬಾರದ ಮಾತು ಸಲೀಸಾಗಿ ಬಾಯಿಗೆ ಬಂತು. "ಹೊಲಿಗೆ ತುಂಬಾ ಇತ್ತು. ಬಿಡುವೇ ಆಗ್ಲಿಲ್ಲ."

"ಹಾಗಿದ್ರೆ ಹೊಲಿಗೆ ಕಮ್ಮಿ ಮಾಡ್ಕೋ" ಅಂದ ಅವನು. "ಒಬ್ಬನೇ ಕೂತು ಕೂತು ಬೇಜಾರಾಗಿತ್ತು ನಂಗೆ."